ಪುಣೆಯಲ್ಲಿ ಕನ್ನಡ ಸಂಗೀತಗಾರರ ಬಳಗ ಕಟ್ಟಿ ಬೆಳೆಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಕನ್ನಡ ಮಾತಾಡುವ ಸಂಗೀತಗಾರರಿಗೆ ಬರ ಇಲ್ಲ. ಸದಾಶಿವ ಪೇಠೆ, ಎರಂಡವಣೆ ಕಡೆ ಧಾರವಾಡ, ಬೆಳಗಾವಿಯಿಂದ ಬಂದು ನೆಲೆಸಿದ ಮನೆತನಗಳಿವೆ. ಅಲ್ಲಿ ಹಾರ್ಮೋನಿಯಂ ಇಲ್ಲದ ಮನೆ ಕಡಿಮೆ. ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ಮೈಸೂರು, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಪಿಟೀಲು, ವೀಣೆ ಕಲಿತು ಬಂದ ಹುಡುಗ ಹುಡುಗಿಯರಿದ್ದಾರೆ. ಉಡುಪಿ ಕಡೆಯ ಹೋಟೆಲಿನವರಲ್ಲಿ ಚೆಂಡೆ, ಮದ್ದಳೆ ಬಲ್ಲವರು, ಭಾಗವತಿಕೆ ಮಾಡುವವರು ಸಿಗುತ್ತಾರೆ. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರಲ್ಲಿ ಏಕತಾರಿ ಹಿಡಿದರೆ ಬೆಳಗಿನ ತನಕ ತತ್ವಪದ ಹಾಡುವವರಿದ್ದಾರೆ. ಒಂದೇ ಊರಲ್ಲಿದ್ದರೂ ಇವರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ.

ಇವರನ್ನೆಲ್ಲ ಒಂದು ಕಡೆ ಕೂಡಿಸಿ, ಸಂಬಳದ ಸಿಬ್ಬಂದಿ ಇಲ್ಲದೆ ಬಿಡುವಿನ ವೇಳೆಯಲ್ಲೇ ಬಳಗ ನಡೆಸಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಳಗ ಬೆಳೀತು ಅಂದರೆ ಸಭಾಂಗಣದಲ್ಲಿ ಕುರ್ಚಿ ಜಾಸ್ತಿ ತುಂಬಿದವು ಅಂತ ಬಹಳ ಜನ ತಿಳಿಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೇಳುವವರ ಸಂಖ್ಯೆಗಿಂತ ಮೊದಲು ಕೆಲಸ ಹೊರುವವರ ಸಂಖ್ಯೆ ಬೆಳೆಯಬೇಕು. ಇಬ್ಬರೇ ಎಲ್ಲವನ್ನೂ ಹೊತ್ತುಕೊಂಡ ಬಳಗ, ಆ ಇಬ್ಬರಲ್ಲಿ ಒಬ್ಬರಿಗೆ ಬೆಂಗಳೂರಿಗೆ ವರ್ಗ ಆದ ದಿನವೇ ನಿಂತುಹೋಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದವು.

ಹೆಜ್ಜೆ 1: ಮೊದಲ ಹತ್ತು ಜನರನ್ನು ಕಾಲ್ನಡಿಗೆಯಲ್ಲೇ ಹುಡುಕಿ

ಪೋಸ್ಟರ್ ಮಾಡಿ ವಾಟ್ಸಾಪಿನಲ್ಲಿ ಹರಿಬಿಡುವುದರಿಂದ ಶುರು ಮಾಡಬೇಡಿ. ಅದರಿಂದ ನೂರು ಜನ ಗುಂಪಿಗೆ ಸೇರುತ್ತಾರೆ, ಕೂಡುವ ದಿನ ನಾಲ್ಕು ಜನ ಬರುತ್ತಾರೆ. ಸಂಗೀತ ನಡೆಯುವ ಜಾಗಕ್ಕೆ ನೀವೇ ಹೋಗಿ. ಕನ್ನಡ ಸಂಘಗಳ ರಾಜ್ಯೋತ್ಸವದಲ್ಲಿ ಎರಡು ಹಾಡು ಹಾಡಿ ಇಳಿದವರನ್ನು ವೇದಿಕೆಯ ಪಕ್ಕದಲ್ಲೇ ಮಾತಾಡಿಸಿ. ರಾಯರ ಮಠದ ಗುರುವಾರದ ಭಜನೆಗೆ ಹೋಗಿ ಕೂತುಕೊಳ್ಳಿ. ಸಂಗೀತ ಪಾಠ ಹೇಳುವವರನ್ನು ನೋಡಿ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾಲ್ಕು ಜನರ ಮುಂದೆ ಹಾಡುವ ಅಭ್ಯಾಸ ಬೇಕಾಗಿರುತ್ತದೆ. ಅವರ ಗುರುಗಳು ಖುಷಿಯಿಂದ ಕಳಿಸುತ್ತಾರೆ.

ಬಹಳ ಜನರಿಗೆ ಹೊಳೆಯದ ಇನ್ನೊಂದು ಜಾಗ ಇದೆ: ತಬಲಾ ರಿಪೇರಿ ಅಂಗಡಿ. ಚರ್ಮ ಬದಲಿಸಲು, ಶಾಯಿ (ಚರ್ಮದ ಮೇಲಿನ ಕಪ್ಪು ಬಿಲ್ಲೆ) ಹಾಕಿಸಲು ಆ ಭಾಗದ ತಬಲಾದವರೆಲ್ಲ ಅಲ್ಲಿಗೆ ಬರಲೇಬೇಕು. ಯಾರು ಯಾವ ಕಡೆ ಇದ್ದಾರೆ, ಯಾರ ಕೈ ಚೆನ್ನಾಗಿದೆ, ಯಾರು ಈಚೆಗೆ ನುಡಿಸುವುದು ಬಿಟ್ಟಿದ್ದಾರೆ ಎಲ್ಲ ಅವರಿಗೆ ಗೊತ್ತಿರುತ್ತದೆ.

ತತ್ವಪದದವರನ್ನು ಹುಡುಕುವುದು ಸ್ವಲ್ಪ ಕಷ್ಟ. ಅವರು ನಮ್ಮ ಸಂಘ ಸಭೆಗಳಿಗೆ ಬರುವುದಿಲ್ಲ, ಯಾಕಂದರೆ ಯಾರೂ ಕರೆದಿಲ್ಲ. ಅಮಾವಾಸ್ಯೆ ರಾತ್ರಿ ಭಜನೆ ಇಟ್ಟುಕೊಳ್ಳುವ ರೂಢಿ ಕಲ್ಯಾಣ ಕರ್ನಾಟಕದ ಕಡೆ ಇದೆ. ಕಟ್ಟಡದ ಜಾಗದ ಪಕ್ಕದ ಶೆಡ್ಡುಗಳಲ್ಲಿ ಆ ರಾತ್ರಿ ಏಕತಾರಿ, ದಮ್ಮಡಿ, ತಾಳದ ಸದ್ದು ಕೇಳಿಸಬಹುದು. ಮೇಸ್ತ್ರಿಯನ್ನು ಮಾತಾಡಿಸಿ ಒಂದು ರಾತ್ರಿ ಸುಮ್ನೆ ಕೇಳುಗರಾಗಿ ಹೋಗಿ ಕೂಡಿ. ಎರಡನೇ ಸಲ ಹೋದಾಗ ನಿಮ್ಮ ಬೈಠಕ್ಕಿಗೆ, ಅಂದರೆ ತಿಂಗಳಿಗೊಮ್ಮೆ ಎಲ್ಲರೂ ಕೂತು ಹಾಡಿ ಕೇಳುವ ಕೂಟಕ್ಕೆ, ಕರೆಯಿರಿ. ಅವರು ಬರುವುದು ಹೋಗುವುದು ಹೇಗೆ ಅನ್ನುವುದನ್ನೂ ನೀವೇ ನೋಡಿಕೊಳ್ಳಿ. ಬಳಗಕ್ಕೆ ಇವರಷ್ಟು ಜೀವ ತುಂಬುವವರು ಸಿಗುವುದು ಅಪರೂಪ.

ಸಿಕ್ಕವರ ವಿವರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನು ಹಾಡುತ್ತಾರೆ ಅಥವಾ ನುಡಿಸುತ್ತಾರೆ, ಯಾವ ಶ್ರುತಿ, ಮನೆ ಎಲ್ಲಿ, ಯಾವ ವಾರ ಬಿಡುವು. ಶ್ರುತಿಯನ್ನು, ಅಂದರೆ ಅವರು ಷಡ್ಜ (ಸ) ಹಿಡಿಯುವ ಎತ್ತರವನ್ನು, ಒಬ್ಬರು ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅನ್ನುತ್ತಾರೆ, ಕರ್ನಾಟಕ ಸಂಗೀತದವರು ಒಂದೂವರೆ ಅನ್ನುತ್ತಾರೆ, ಗಿಟಾರಿನ ಹುಡುಗ ಸಿ ಶಾರ್ಪ್ ಅನ್ನುತ್ತಾನೆ. ಮೂರೂ ಒಂದೇ, ಹಾಗಾಗಿ ಪುಸ್ತಕದಲ್ಲಿ ಒಂದೇ ರೀತಿ ಬರೆಯಿರಿ. ಕೊನೆಯದಾಗಿ ಒಂದು ಪ್ರಶ್ನೆ: ಸಂಗೀತ ಬಿಟ್ಟು ಇನ್ನೇನು ಬರುತ್ತದೆ? ಲೆಕ್ಕ ಬರೆಯುವುದಾ, ವೈರ್ ಜೋಡಿಸುವುದಾ, ನಾಲ್ಕು ಜನರಿಗೆ ಫೋನ್ ಮಾಡುವುದಾ? ಮುಂದೆ ನಿಮ್ಮ ಕೈ ಹಿಡಿಯುವುದು ಈ ಪ್ರಶ್ನೆಗೆ ಸಿಕ್ಕ ಉತ್ತರಗಳೇ.

ಹೆಜ್ಜೆ 2: ತಿಂಗಳ ಬೈಠಕ್ ಶುರು ಮಾಡಿ, ದಿನ ಬದಲಿಸಬೇಡಿ

ತಿಂಗಳಿಗೊಂದು ದಿನ ಗೊತ್ತು ಮಾಡಿ. ಎರಡನೇ ಭಾನುವಾರ ಸಂಜೆ 4ರಿಂದ 7 ಅಂದರೆ ಅದೇ. ಯಾರೋ ಒಬ್ಬರಿಗೆ ಆಗುವುದಿಲ್ಲ ಅಂತ ಮುಂದಕ್ಕೆ ಹಾಕಬೇಡಿ. ಆರೇ ಜನ ಬಂದರೂ ನಡೆಸಿ. ಈ ಊರಿನ ಅತಿ ದೊಡ್ಡ ಸಂಗೀತೋತ್ಸವ ಹುಟ್ಟಿದ್ದೂ ಗೊತ್ತುಮಾಡಿದ ಒಂದು ದಿನದಿಂದಲೇ ಅಲ್ವಾ? ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಶಿಷ್ಯ, ಗದಗ ಸೀಮೆಯ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಪುಣೆಯಲ್ಲಿ ಸಂಗೀತ ಶುರು ಮಾಡಿದರು. ಇವತ್ತು ಡಿಸೆಂಬರ್ ಬಂತೆಂದರೆ ಇಡೀ ಊರು ಅದಕ್ಕೆ ಕಾಯುತ್ತದೆ.

ಮೂರು ಗಂಟೆ ಅಂದರೆ 180 ನಿಮಿಷ. ಒಬ್ಬರಿಗೆ 12 ನಿಮಿಷ ಹಾಡಲು, 3 ನಿಮಿಷ ಎದ್ದು ಕೂತು ಶ್ರುತಿ ಸೇರಿಸಲು. ಹೀಗೆ ಏಳು ಸಣ್ಣ ಸರದಿಗಳಿಗೆ 105 ನಿಮಿಷ ಬೇಕು. ಹಿಂದೂಸ್ತಾನಿಯ ಖ್ಯಾಲ್ ಹಾಡುವವರಿಗೆ ಹನ್ನೆರಡು ನಿಮಿಷ ಸಾಲುವುದಿಲ್ಲ, ವಿಲಂಬಿತ್ (ನಿಧಾನ ಗತಿಯ ಭಾಗ) ಬಿಚ್ಚಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಕರ್ನಾಟಕ ಸಂಗೀತದ ರಾಗ, ತಾನ, ಪಲ್ಲವಿಯವರ ಕಷ್ಟವೂ ಇದೇ. ಅದಕ್ಕೆ ಪ್ರತಿ ತಿಂಗಳು ಒಬ್ಬರಿಗೆ 40 ನಿಮಿಷದ ದೊಡ್ಡ ಸರದಿ ಕೊಡಿ. ಅದು ಸೇರಿ 145. ಚಹಾಕ್ಕೆ 20, ಹೊಸಬರ ಪರಿಚಯ ಮತ್ತು ಮುಂದಿನ ತಿಂಗಳ ಮಾತಿಗೆ 15. ಅಲ್ಲಿಗೆ ಸರಿಹೋಯಿತು. ದೊಡ್ಡ ಸರದಿ ಹಿರಿಯರಿಗೇ ಹೋಗಬೇಕು ಅಂತ ಇಲ್ಲ. ಎಲ್ಲರ ಹೆಸರೂ ಸುತ್ತಿನಲ್ಲಿ ಬರಲಿ.

ಯಾರ ನಂತರ ಯಾರು ಅನ್ನುವುದರಲ್ಲೇ ಅರ್ಧ ಬೈಠಕ್ಕಿನ ಹಣೆಬರಹ ಇದೆ. ತಬಲಾದವರನ್ನು ಕೇಳಿ ನೋಡಿ. ಐದೂಕಾಲು, ಐದೂವರೆ ಇಂಚಿನ ಬಾಯಿಯ ತಬಲಾ ಸಾಮಾನ್ಯವಾಗಿ ಕಪ್ಪು ಒಂದರ ಆಸುಪಾಸಿನಲ್ಲಿ ಕೂರುತ್ತದೆ. ಅದನ್ನು ಹತ್ತು ನಿಮಿಷಕ್ಕೊಮ್ಮೆ ಮೇಲೆ ಕೆಳಗೆ ಮಾಡಿದರೆ ನಿಲ್ಲುವುದಿಲ್ಲ, ಪಕ್ಕದ ಮರದ ಗಟ್ಟಿಗಳನ್ನು ಬಡಿದು ಶ್ರುತಿ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ಒಂದೇ ಶ್ರುತಿಯವರನ್ನು ಒಟ್ಟಿಗೆ ಇಡಿ. ಕಪ್ಪು ಒಂದರ ಗಂಡಸರು ಮುಗಿದ ಮೇಲೆ ಕಪ್ಪು ನಾಲ್ಕರ ಹೆಂಗಸರನ್ನು ಕೂಡಿಸಬಹುದು, ಯಾಕಂದರೆ ಕಪ್ಪು ಒಂದು ಅವರಿಗೆ ಮಧ್ಯಮ (ಮ ಸ್ವರ) ಆಗುತ್ತದೆ. ಬಾಗೇಶ್ರೀ, ದುರ್ಗಾ ಥರದ ಶುದ್ಧ ಮಧ್ಯಮದ ರಾಗಕ್ಕೆ ಅದೇ ತಬಲಾ ನಡೆಯುತ್ತದೆ. ಯಮನ್, ಮಾರವಾ ಹಾಡುವವರಿದ್ದರೆ ನಡೆಯುವುದಿಲ್ಲ, ಅವುಗಳಲ್ಲಿ ಶುದ್ಧ ಮಧ್ಯಮ ಇಲ್ಲ. ಅದಕ್ಕೇ ಸರದಿ ಪಟ್ಟಿ ಮಾಡುವವರು ಎರಡು ದಿನ ಮೊದಲೇ ಫೋನ್ ಮಾಡಿ ಶ್ರುತಿಯ ಜೊತೆ ರಾಗವನ್ನೂ ಕೇಳಬೇಕು.

ಹೊಸಬರನ್ನು ಮೊದಲ ಸರದಿಗೆ ಕೂಡಿಸಬೇಡಿ. ಗಟ್ಟಿ ದನಿಯ ಹಳಬರೊಬ್ಬರು ಶುರು ಮಾಡಲಿ, ಹೊಸಬರು ಮೂರನೆಯವರಾಗಿ ಬರಲಿ. ಅಷ್ಟರಲ್ಲಿ ಅವರಿಗೂ ಜಾಗ ರೂಢಿಯಾಗಿರುತ್ತದೆ, ಸಭೆಯೂ ಕೂತಿರುತ್ತದೆ. ಹಿರಿಯರು ಕೊನೆಗೆ ಹಾಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಮುರಿಯುವ ಅಗತ್ಯ ಇಲ್ಲ. ಆದರೆ ಹಿರಿಯರು ತಮ್ಮ ಸರದಿಗೆ ಹತ್ತು ನಿಮಿಷ ಮೊದಲು ಬರುವುದಕ್ಕೆ ಅವಕಾಶ ಕೊಡಬೇಡಿ. ಅವರು 4 ಗಂಟೆಗೇ ಬಂದು ಮುಂದೆ ಕೂತು ಚಿಕ್ಕವರನ್ನು ಕೇಳಬೇಕು. ಈ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಹಿರಿಯ ಕಾಕಾ ಒಬ್ಬರು ಹೊಸ ಹುಡುಗಿಯ ಹಾಡನ್ನು ಕೂತು ಕೇಳಿ, ಕೊನೆಗೆ ಬೆನ್ನು ತಟ್ಟಿ, ಆ ನಿಷಾದ ಇನ್ನೊಂದು ಚೂರು ಏರಿಸು ಅಂದರೆ ಸಾಕು. ಆ ಹುಡುಗಿ ಮುಂದಿನ ತಿಂಗಳು ತಪ್ಪದೆ ಬರುತ್ತಾಳೆ.

ಇನ್ನೊಂದು ವಿಷಯ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಯಾವಾಗಲೂ ಸಂಜೆಯೇ ಕೂಡಿದರೆ ತೋಡಿ, ಲಲಿತ್, ಅಹಿರ್ ಭೈರವ್ ಥರದ ಬೆಳಗಿನ ರಾಗ ಹಾಡುವುದು ಯಾವಾಗ? ಮೂರು ತಿಂಗಳಿಗೊಮ್ಮೆ ಬೈಠಕ್ಕನ್ನು ಬೆಳಿಗ್ಗೆ 7ಕ್ಕೆ ಇಡಿ. ಉಪ್ಪಿಟ್ಟು, ಕಾಫಿ ಅಲ್ಲೇ ಆಗಲಿ.

ಹೆಜ್ಜೆ 3: ಜಾಗ

ಮೊದಲ ಆರು ತಿಂಗಳು ಮನೆಗಳಲ್ಲೇ ಕೂಡಿ. ಫ್ಲ್ಯಾಟಿನ ಹಾಲಿನಲ್ಲಿ ಸೋಫಾ ಸರಿಸಿದರೆ ಇಪ್ಪತ್ತೈದು ಜನ ಆರಾಮಾಗಿ ಕೂರುತ್ತಾರೆ. ಆಮೇಲೆ ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸ್, ಭಾನುವಾರ ಖಾಲಿ ಇರುವ ಶಾಲೆಯ ಕೋಣೆ, ದೇವಸ್ಥಾನದ ಸಭಾಗೃಹ ಇವುಗಳನ್ನು ಕೇಳಿ. ಮೆಟ್ರೋ ಹತ್ತಿರ ಇದ್ದರೆ ಒಳ್ಳೆಯದು. ನಳ್ ಸ್ಟಾಪ್ ಅಥವಾ ಗರ್ವಾರೆ ಕಾಲೇಜು ನಿಲ್ದಾಣದ ಬಳಿ ಜಾಗ ಸಿಕ್ಕರೆ ಪಿಂಪ್ರಿ ಕಡೆಯವರು ಸಿವಿಲ್ ಕೋರ್ಟ್ (ಡಿಸ್ಟ್ರಿಕ್ಟ್ ಕೋರ್ಟ್) ನಿಲ್ದಾಣದಲ್ಲಿ ಗಾಡಿ ಬದಲಿಸಿ ಬರಬಹುದು. ತಬಲಾ ಹೊತ್ತವರಿಗೆ ಲಿಫ್ಟ್ ಬೇಕು. ಮೊಣಕಾಲು ನೋವಿನ ಹಿರಿಯರಿಗೆ ಹಿಂದೆ ಒಂದು ಸಾಲು ಕುರ್ಚಿ ಬೇಕು. ಅಕ್ಕಪಕ್ಕದ ಮನೆಯವರನ್ನು ಮೊದಲ ಬೈಠಕ್ಕಿಗೇ ಚಹಾಕ್ಕೆ ಕರೆಯಿರಿ, ಆಮೇಲೆ ತಕರಾರು ಬರುವುದು ಕಡಿಮೆ.

ಹೆಜ್ಜೆ 4: ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಂಚಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಎಂದು ಹುದ್ದೆ ಹಂಚುವುದರಿಂದ ಶುರು ಮಾಡಿದರೆ ಹೆಸರು ಹಂಚಿಕೆಯಾಗುತ್ತದೆ, ಕೆಲಸ ಅಲ್ಲೇ ಉಳಿಯುತ್ತದೆ. ಕೆಲಸದಿಂದ ಶುರು ಮಾಡಿ. ಒಂದು ಬೈಠಕ್ಕಿಗೆ ಏನೇನು ಆಗಬೇಕು? ಹಾಡುವವರಿಗೆ ಫೋನ್ ಮಾಡಿ ಸರದಿ ಪಟ್ಟಿ ಮಾಡುವುದು. ಜಾಗದ ಬೀಗ, ಜಮಖಾನ, ಚಹಾ ನೋಡುವುದು. ವಾದ್ಯಗಳನ್ನು ತಂದು ಇಟ್ಟು ವಾಪಸ್ ಒಯ್ಯುವುದು. ಹಣ ತಗೊಂಡು ಲೆಕ್ಕ ಬರೆಯುವುದು. ಹೊಸಬರನ್ನು ಬಾಗಿಲಲ್ಲೇ ಮಾತಾಡಿಸಿ ಪಕ್ಕದಲ್ಲಿ ಕೂಡಿಸಿಕೊಳ್ಳುವುದು. ಸುದ್ದಿ ಕಳಿಸುವುದು. ಆರು ಕೆಲಸ, ಆರು ಜನ. ಒಬ್ಬರ ಕೈಯಲ್ಲಿ ಎರಡು ಕೆಲಸ ಬೇಡ.

ಪ್ರತಿ ಕೆಲಸಕ್ಕೂ ಒಂದು ಹಾಳೆ ಬರೆಯಿರಿ. ಉದಾಹರಣೆಗೆ ಚಹಾ ನೋಡುವವರ ಹಾಳೆ ಹೀಗಿರಬಹುದು:

"ಎರಡನೇ ಭಾನುವಾರ ಮಧ್ಯಾಹ್ನ 3ಕ್ಕೆ ವಾಚ್‌ಮನ್ ಹತ್ತಿರ ಬೀಗದ ಕೈ ತಗೊಳ್ಳಿ. ಜಮಖಾನ ಮೂರು ಇವೆ, ಬೀರುವಿನ ಕೆಳಗಿನ ಖಾನೆಯಲ್ಲಿ. ದೊಡ್ಡದನ್ನು ಕಿಟಕಿ ಕಡೆ ಹಾಸಿ, ಹಾಡುವವರು ಅಲ್ಲಿ ಕೂರುತ್ತಾರೆ. ಫ್ಯಾನ್ ಹಾಡುವವರ ತಲೆಯ ಮೇಲಿನದು ಬಂದ್, ಉಳಿದವು ಚಾಲೂ. ಚಹಾ ಮೂಲೆಯ ಅಂಗಡಿಯಿಂದ 5.15ಕ್ಕೆ ಬರುತ್ತದೆ, 4 ಗಂಟೆಗೇ ಎಷ್ಟು ಜನ ಅಂತ ಫೋನ್ ಮಾಡಿ. ಹಾಡುವವರಿಗೆ ಬಿಸಿನೀರು ಬೇರೆ ಫ್ಲಾಸ್ಕಿನಲ್ಲಿ. ಸ್ಟೀಲ್ ಲೋಟ 40 ಇವೆ, ಎಣಿಸಿ ಇಡಿ."

ಇಷ್ಟು ಬರೆದಿಟ್ಟರೆ ನಾಳೆ ಯಾರು ಬೇಕಾದರೂ ಆ ಕೆಲಸ ಮಾಡಬಹುದು. ಹಳಬರ ತಲೆಯಲ್ಲಿ ಮಾತ್ರ ಇರುವ ಮಾಹಿತಿ ಹಳಬರ ಜೊತೆಗೇ ಹೋಗಿಬಿಡುತ್ತದೆ.

ಕೇಳುವ ರೀತಿಯೂ ಮುಖ್ಯ. "ಯಾರಾದರೂ ಮುಂದೆ ಬನ್ನಿ" ಅಂತ ಗುಂಪಿನಲ್ಲಿ ಹಾಕಿದರೆ ಯಾರೂ ಬರುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಒಬ್ಬರನ್ನೇ ಹಿಡಿದು ಕೇಳಿ: "ಅಕ್ಕಾ, ಸರದಿ ಪಟ್ಟಿ ನೀವು ನೋಡ್ಕೋತೀರಾ? ತಿಂಗಳಿಗೆ ಎರಡು ಗಂಟೆ ಕೆಲಸ. ಆರು ತಿಂಗಳು ಮಾತ್ರ, ಜೂನಿಗೆ ಬೇರೆಯವರಿಗೆ ಕೊಡ್ತೀವಿ." ಕೆಲಸ ಏನು, ಎಷ್ಟು, ಯಾವಾಗ ಮುಗಿಯುತ್ತದೆ ಈ ಮೂರೂ ಗೊತ್ತಿದ್ದರೆ ಜನ ಹೂಂ ಅನ್ನುತ್ತಾರೆ. ಮುಗಿಯುವ ತಾರೀಕನ್ನು ನಿಜವಾಗಿ ಪಾಲಿಸಿ. ಐದನೇ ತಿಂಗಳಲ್ಲಿ ಮುಂದಿನವರನ್ನು ಅವರ ಜೊತೆ ಕೂಡಿಸಿ, ಆರನೇ ತಿಂಗಳು ಕೆಲಸವನ್ನು ಹೊಸಬರು ಮಾಡಲಿ, ಹಳಬರು ಪಕ್ಕದಲ್ಲಿರಲಿ. ಬಿಟ್ಟವರನ್ನು ಬಲವಂತ ಮಾಡಿ ಉಳಿಸಿಕೊಳ್ಳಬೇಡಿ. ಸಲೀಸಾಗಿ ಬಿಟ್ಟುಕೊಟ್ಟವರು ಮುಂದೆ ತಾವಾಗಿಯೇ ಇನ್ನೊಂದು ಕೆಲಸ ಕೇಳಿಕೊಂಡು ಬರುತ್ತಾರೆ.

ಎಲ್ಲ ಕೆಲಸಕ್ಕೂ ಸಂಗೀತಗಾರರೇ ಬೇಕು ಅಂತ ಏನಿಲ್ಲ. ಹಾಡುವವರ ಮನೆಯವರು, ನಿವೃತ್ತ ಬ್ಯಾಂಕ್ ನೌಕರರು, ಹಾಡಲು ಬಾರದಿದ್ದರೂ ಕೇಳದೆ ಇರಲಾರದವರು, ಇವರೇ ಹೆಚ್ಚು ದಿನ ನಿಲ್ಲುತ್ತಾರೆ ಅನ್ನುವುದು ನಾನು ಕಂಡದ್ದು. ಸಂಗೀತಗಾರರಿಗೂ ಕೆಲಸ ಕೊಡಿ, ಆದರೆ ಅವರ ಸರದಿ ಇರುವ ದಿನ ಬೇಡ. ಚಹಾ ಲೆಕ್ಕ ಮಾಡುತ್ತಾ ಬಂದು ಕೂತವರಿಗೆ ಷಡ್ಜ ಹಿಡಿಯುವುದು ಕಷ್ಟ.

ಸುದ್ದಿಗೆ ಎರಡು ವಾಟ್ಸಾಪ್ ಗುಂಪು ಇಡಿ. ಒಂದರಲ್ಲಿ ಪ್ರಕಟಣೆ ಮಾತ್ರ, ಇನ್ನೊಂದರಲ್ಲಿ ಹರಟೆ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಬೈಠಕ್ಕಿನ ಸಮಯ ಕಳೆದುಹೋಗಬಾರದು. ಪ್ರಕಟಣೆ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಪಕ್ಕದ ಮನೆಯ ಮರಾಠಿ ತಬಲಾದವರೂ ಬರಬೇಕು. ಪುರಂದರ ವಿಠಲನ ಪದ ಮುಗಿದ ಮೇಲೆ ಪಂಢರಪುರದ ವಿಠ್ಠಲನ ಅಭಂಗ ಶುರುವಾದರೆ ಅದಕ್ಕಿಂತ ಚಂದ ಇನ್ನೇನಿದೆ?

ಹೆಜ್ಜೆ 5: ಸಾಥಿಯವರನ್ನು (ಪಕ್ಕವಾದ್ಯದವರನ್ನು) ಸರಿಯಾಗಿ ನೋಡಿಕೊಳ್ಳಿ

ಹಾಡುವವರು ಇಪ್ಪತ್ತು ಜನ, ತಬಲಾದವರು ಇಬ್ಬರು. ಎಲ್ಲ ಬಳಗದಲ್ಲೂ ಲೆಕ್ಕ ಹೀಗೇ. ಹಾಡುವವರು ಹನ್ನೆರಡು ನಿಮಿಷ ಹಾಡಿ ಎದ್ದು ಹೋಗುತ್ತಾರೆ, ತಬಲಾದವರು ಮೂರು ಗಂಟೆ ಕೂತೇ ಇರುತ್ತಾರೆ. ಸ್ವಯಂಸೇವೆಯ ಬಳಗ ಅಂದ ಮಾತ್ರಕ್ಕೆ ಅವರು ಪುಕ್ಕಟೆ ದುಡಿಯಬೇಕು ಅನ್ನುವುದು ಅನ್ಯಾಯ. ನುಡಿಸುವುದೇ ಅವರ ಹೊಟ್ಟೆಪಾಡಾಗಿದ್ದರೆ ಸಂಭಾವನೆ ಕೊಡಿ, ಎಷ್ಟು ಅಂತ ಮೊದಲೇ ಮಾತಾಡಿ, ಅವತ್ತೇ ಕೈಗೆ ಕೊಡಿ. ಹವ್ಯಾಸಿಗಳಾದರೂ ರಿಕ್ಷಾ ಬಾಡಿಗೆ ಕೊಡಲೇಬೇಕು, ಯಾಕಂದರೆ ತಬಲಾ ಡಗ್ಗಾ ಹಿಡಿದು ಊರಿನ ಪಿಎಂಪಿಎಂಎಲ್ ಬಸ್ಸು ಹತ್ತಲು ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ದೊಡ್ಡ ಸರದಿಯನ್ನು ಸಾಥಿಯವರಿಗೇ ಬಿಡಿ. ತಬಲಾ ಸೋಲೋ, ಹಾರ್ಮೋನಿಯಂ ಸೋಲೋ, ಮೃದಂಗದ ತನಿ (ಒಂಟಿ ವಾದನ), ಮದ್ದಳೆ. ಆವತ್ತು ಗಾಯಕರೊಬ್ಬರು ಲೆಹರಾ (ತಬಲಾ ಸೋಲೋಗೆ ಆಧಾರವಾಗಿ ಮತ್ತೆ ಮತ್ತೆ ನುಡಿಸುವ ಧಾಟಿ) ಹಿಡಿಯಲಿ, ತಾಳ ಹಾಕಲಿ. ಪಟ್ಟಿಯಲ್ಲಿ, ಫೋಟೋದ ಕೆಳಗೆ, ವಿಡಿಯೋದಲ್ಲಿ ಅವರ ಹೆಸರು ತಪ್ಪದೆ ಬರಲಿ.

ಹೆಜ್ಜೆ 6: ಹಣ ಮತ್ತು ವಾದ್ಯ

ತಿಂಗಳಿಗೆ ತಲಾ 100 ರೂಪಾಯಿ ಅಂದುಕೊಳ್ಳಿ. ಮೂವತ್ತು ಜನ ಕೊಟ್ಟರೆ ವರ್ಷಕ್ಕೆ 36,000. ಚಹಾ, ಸಾಥಿಯವರ ಖರ್ಚು, ಜಾಗದ ಬಾಡಿಗೆ ಇದರಲ್ಲೇ ತೂಗಿಸಿ. ಕೊಡಲು ಆಗದವರನ್ನು ಯಾರೂ ಕೇಳಬಾರದು, ಅದು ಲೆಕ್ಕದವರಿಗೆ ಮಾತ್ರ ಗೊತ್ತಿರಲಿ. ತಿಂಗಳ ಮೊದಲ ತಾರೀಕಿಗೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಅನ್ನುವ ಪುಟದ ಫೋಟೋ ಗುಂಪಿಗೆ ಬರಬೇಕು. ಹತ್ತು ರೂಪಾಯಿಯ ಲೆಕ್ಕವೂ ತೆರೆದೇ ಇದ್ದರೆ ಮುಂದೆ ಹತ್ತು ಸಾವಿರ ಕೇಳಿದಾಗ ಯಾರೂ ಹಿಂಜರಿಯುವುದಿಲ್ಲ. ಹೋಟೆಲಿನವರು ಇಡ್ಲಿ ವಡೆ ಕಳಿಸುತ್ತೇವೆ ಅಂದರೆ ಸಂತೋಷದಿಂದ ತಗೊಳ್ಳಿ. ವೇದಿಕೆ ತುಂಬಾ ಬ್ಯಾನರ್ ಕಟ್ಟುತ್ತೇವೆ ಅನ್ನುವ ಪ್ರಾಯೋಜಕರು ಮೊದಲ ಎರಡು ವರ್ಷ ಬೇಡ.

ವಾದ್ಯ ಕೊಳ್ಳಲು ಅವಸರ ಮಾಡಬೇಡಿ. ಶುರುವಿಗೆ ಫೋನಿನ ತಾನಪುರ ಆ್ಯಪ್, ಒಂದು ಸಣ್ಣ ಸ್ಪೀಕರ್ ಸಾಕು. ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಡಿ, ಇಲ್ಲದಿದ್ದರೆ ಆಲಾಪದ ನಡುವೆ ಯಾರದೋ ಕರೆ ಬರುತ್ತದೆ. ಆಮೇಲೆ ಒಂದು ಒಳ್ಳೆಯ ಹಾರ್ಮೋನಿಯಂ, ಆಮೇಲೆ ತಬಲಾ ಜೋಡಿ. ಕೈಯಲ್ಲಿ ಹಣ ಕೂಡಿದ ಮೇಲೆ ಮೀರಜಿಗೆ ಹೋಗಿ ತಂಬೂರಿ ತನ್ನಿ. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹಾಡುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಶ್ರುತಿಗೆ ಕೂಡಿಸಿ, ಜವಾರಿ (ತಂತಿಯ ನಾದ ತುಂಬಿ ಬರುವಂತೆ ಕುದುರೆಯನ್ನು ಹದ ಮಾಡುವುದು) ಅಲ್ಲೇ ಮಾಡಿಸಿ, ಕೇಳಿ ತನ್ನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ ಜಾಸ್ತಿ. ತಬಲಾ ಚರ್ಮ ಸಡಿಲಾಗುತ್ತದೆ, ಹಾರ್ಮೋನಿಯಂನ ಮನೆಗಳು ಒತ್ತಿದರೆ ಸಿಕ್ಕಿಕೊಳ್ಳುತ್ತವೆ. ಕೊಟ್ಟಿಗೆ, ಗ್ಯಾರೇಜಿನಲ್ಲಿ ಇಡಬೇಡಿ, ಯಾರಾದರೂ ದಿನಾ ನುಡಿಸುವ ಮನೆಯಲ್ಲಿಡಿ.

ಹೆಜ್ಜೆ 7: ಮೈಕ್ ಯಾವಾಗ?

ನಲವತ್ತು ಜನರ ತನಕ ಮೈಕ್ ಬೇಡ. ಮೈಕ್ ಇಲ್ಲದೆ ಕೂತು ಕೇಳುವ ಸುಖವೇ ಬೇರೆ. ಜನ ಹೆಚ್ಚಾದ ಮೇಲೆ ಬಾಡಿಗೆಗೆ ತನ್ನಿ ಮತ್ತು ಒಬ್ಬರೇ ಅದನ್ನು ನೋಡಿಕೊಳ್ಳಲಿ. ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಬೇಕು. ಹಿಂದೆ ಇಟ್ಟರೆ ಕುಂಯ್ ಅನ್ನುತ್ತದೆ. ಗಾಯಕರ ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಮೊದಲು ದನಿ ಮತ್ತು ತಂಬೂರಿ ಸರಿ ಮಾಡಿ, ಆಮೇಲೆ ತಬಲಾ, ಕೊನೆಗೆ ಹಾರ್ಮೋನಿಯಂ. ಹಾರ್ಮೋನಿಯಂ ತಾನಾಗಿಯೇ ಜೋರು, ಸಣ್ಣ ಕೋಣೆಯಲ್ಲಿ ಅದಕ್ಕೆ ಮೈಕೇ ಬೇಡ.

ಹೊರಗಡೆ ಧ್ವನಿವರ್ಧಕ ಹಚ್ಚುವುದಾದರೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಮೈಕ್ ನಡೆಯುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಮಿತಿ.

ಹೆಜ್ಜೆ 8: ವರ್ಷದ ಲೆಕ್ಕಾಚಾರ ಪುಣೆಗೆ ತಕ್ಕಂತೆ

ಪುಷ್ಯ ಮಾಸದಲ್ಲಿ, ಅಂದರೆ ಜನವರಿ ಫೆಬ್ರವರಿ ಹೊತ್ತಿಗೆ, ತ್ಯಾಗರಾಜರ ಆರಾಧನೆ ಬಹುಳ ಪಂಚಮಿಗೆ, ಪುರಂದರದಾಸರ ಪುಣ್ಯದಿನ ಅಮಾವಾಸ್ಯೆಗೆ ಬರುತ್ತವೆ. ನಡುವಿನ ಭಾನುವಾರ ಎರಡನ್ನೂ ಸೇರಿಸಿ ಒಂದು ಗೋಷ್ಠಿಗಾಯನ ಇಡಿ. ಬಳಗ ಹೊಸದಾದರೂ ಎಲ್ಲರೂ ಒಟ್ಟಿಗೆ ಹಾಡಬಹುದಾದ ದಿನ ಅದು. ಫೆಬ್ರವರಿ ಮಾರ್ಚಿನಲ್ಲಿ ಹತ್ತು, ಹನ್ನೆರಡನೇ ಕ್ಲಾಸಿನ ಪರೀಕ್ಷೆ, ಮಕ್ಕಳನ್ನು ಕರೆಯಬೇಡಿ. ಆಷಾಢದ ಏಕಾದಶಿಗೆ ಮುಂಚೆ ಪಂಢರಪುರಕ್ಕೆ ಹೋಗುವ ಆಳಂದಿ, ದೇಹುವಿನ ಪಾಲಕಿಗಳು ಊರೊಳಗೆ ಬಂದಾಗ ರಸ್ತೆಗಳು ಬಂದ್ ಇರುತ್ತವೆ, ಆ ವಾರ ಬಿಟ್ಟು ದಾಸರಪದ ಮತ್ತು ಅಭಂಗದ ಬೈಠಕ್ ಮಾಡಿ. ಗುರುಪೂರ್ಣಿಮೆಗೆ ಬಳಗದಲ್ಲಿ ಪಾಠ ಹೇಳುವವರನ್ನೆಲ್ಲ ಕರೆದು ಅವರ ಸಂಗೀತ ಕೇಳಿ.

ಗಣಪತಿ ಹಬ್ಬ ಮತ್ತು ಅದಕ್ಕೂ ಮುಂಚಿನ ವಾರಗಳಲ್ಲಿ ದೊಡ್ಡದೇನೂ ಇಟ್ಟುಕೊಳ್ಳಬೇಡಿ. ಢೋಲ್ ತಾಶಾ ತಂಡಗಳ ಅಭ್ಯಾಸ ಸಂಜೆಯಾದರೆ ಶುರುವಾಗುತ್ತದೆ, ಹತ್ತಿರದಲ್ಲಿ ತಂಬೂರಿ ಕೇಳಿಸುವ ಮಾತಿಲ್ಲ. ನಿಮ್ಮ ಹುಡುಗರಲ್ಲೂ ಅರ್ಧ ಜನ ಅಲ್ಲೇ ಇರುತ್ತಾರೆ. ದೀಪಾವಳಿಯ ಬೆಳಗಿನ ಸಂಗೀತ, ದಿವಾಳಿ ಪಹಾಟ್, ಈ ಊರಿನ ಬಹಳ ಒಳ್ಳೆಯ ರೂಢಿ. ನೀವೂ ಮಾಡಿ, ಆದರೆ 6 ಗಂಟೆಯ ತನಕ ಬರಿ ತಂಬೂರಿ ಮತ್ತು ದನಿ, ಆಮೇಲೆ ಮೈಕ್. ನವೆಂಬರ್ ಪೂರ್ತಿ ರಾಜ್ಯೋತ್ಸವದ ಕರೆಗಳು ಬರುತ್ತವೆ, ಸರದಿ ಪ್ರಕಾರ ಬೇರೆ ಬೇರೆಯವರನ್ನು ಕಳಿಸಿ. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವ ಇರುವ ವಾರ ಬೈಠಕ್ ಬೇಡ. ಎಲ್ಲರೂ ಕೂಡಿ ಕೇಳಲು ಹೋಗಿ.

ಹೆಜ್ಜೆ 9: ಮೊದಲ ದೊಡ್ಡ ಕಾರ್ಯಕ್ರಮ

ಒಂದು ವರ್ಷ ಬೈಠಕ್ ನಡೆದ ಮೇಲೆ ಮಾಡಿ, ಅದಕ್ಕೆ ಮುಂಚೆ ಬೇಡ. ಟಿಕೆಟ್ ಇಡಬೇಡಿ. ಅದಕ್ಕೆ ಕಾನೂನಿನ ಕಾರಣವೂ ಇದೆ. ಹವ್ಯಾಸಿ ಬಳಗವೊಂದು ಹಣ ಕೊಡದ ಸಭಿಕರ ಮುಂದೆ ಹಾಡಿದರೆ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ ಎಂದು 1957ರ ಕಾಯ್ದೆಯ 52ನೇ ಕಲಮಿನಲ್ಲಿದೆ. ಟಿಕೆಟ್ ಇಟ್ಟರೆ ಈ ರಿಯಾಯಿತಿ ಹೋಗುತ್ತದೆ. ವಚನ, ದಾಸರಪದ, ಶಿಶುನಾಳ ಷರೀಫರ ಪದಗಳ ಸಾಹಿತ್ಯಕ್ಕೆ ಹೇಗೂ ತೊಂದರೆ ಇಲ್ಲ. ಭಾವಗೀತೆಯ ಲೆಕ್ಕ ಬೇರೆ. ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅಂದರೆ ಅವರ ಕವಿತೆಗಳ ಹಕ್ಕು 2041ರ ಕೊನೆಯ ತನಕ. ರಾಗ ಹಾಕಿದವರ ಹಕ್ಕು ಇನ್ನೂ ಬೇರೆ.

ವಿಡಿಯೋ ಹಾಕುವ ಮೊದಲು ಹಾಡಿದವರನ್ನೂ ನುಡಿಸಿದವರನ್ನೂ ಕೇಳಿ. ಅವತ್ತು ಗಂಟಲು ಸರಿ ಇರಲಿಲ್ಲ, ಹಾಕಬೇಡಿ ಅಂದರೆ ಹಾಕಬೇಡಿ. ಮಕ್ಕಳದಾದರೆ ಅಪ್ಪ ಅಮ್ಮನನ್ನು ಕೇಳಿ.

ಕಾರ್ಯಕ್ರಮ ಎರಡೂವರೆ ಗಂಟೆ ಮೀರಬಾರದು. ಭಾಷಣ ಒಂದೇ, ಐದು ನಿಮಿಷ. ಹಾರ, ಶಾಲು, ಸನ್ಮಾನ ಇವುಗಳಲ್ಲಿ ಮುಕ್ಕಾಲು ಗಂಟೆ ಕಳೆದರೆ ಹಾಡಲು ಬಂದ ಹುಡುಗರ ಸರದಿಗೆ ಕತ್ತರಿ ಬೀಳುತ್ತದೆ. ಬಳಗ ಇರುವುದೇ ಆ ಹುಡುಗರಿಗಾಗಿ.

ಹೆಜ್ಜೆ 10: ನೋಂದಣಿ

ಬಳಗದ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು, ದೇಣಿಗೆಗೆ ರಸೀದಿ ಕೊಡಬೇಕು ಅನ್ನುವ ಹಂತ ಬಂದಾಗ ನೋಂದಣಿ ಮಾಡಿಸಿ. 1860ರ ಸೊಸೈಟಿ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಬೇಕು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಣಿ ಆಗಬೇಕು. ಎರಡಕ್ಕೂ ಚಾರಿಟಿ ಕಮಿಷನರ್ ಕಚೇರಿಗೇ ಹೋಗಬೇಕು. ಉದ್ದೇಶಗಳನ್ನು ಬರೆಯುವಾಗ ಅವಸರ ಬೇಡ. ಕಲಿಸುವುದು, ಕಛೇರಿ ನಡೆಸುವುದು, ವಾದ್ಯ ಕೊಳ್ಳುವುದು, ಕಷ್ಟದಲ್ಲಿರುವ ಕಲಾವಿದರಿಗೆ ನೆರವು ಇವೆಲ್ಲ ಮೊದಲೇ ಸೇರಲಿ. ಆಮೇಲೆ ತಿದ್ದುವುದು ದೊಡ್ಡ ಕೆಲಸ. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ಇದನ್ನು ಮರೆತು ವರ್ಷಗಳ ನಂತರ ಬ್ಯಾಂಕಿನಲ್ಲಿ ಸಹಿಗೆ ಪರದಾಡುವ ಸಂಘಗಳಿವೆ. ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಬೇಕು. ಸಂಗೀತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಬ್ಬ ಸಿಎ ಅವರನ್ನು ಈಗಲೇ ಸ್ನೇಹಿತರನ್ನಾಗಿ ಮಾಡಿಕೊಳ್ಳಿ.

ಹೆಜ್ಜೆ 11: ಎರಡನೇ ಬೈಠಕ್

ಬಳಗ ಯಾವಾಗ ಬೆಳೆದಿದೆ ಅನ್ನುವುದನ್ನು ಸರದಿ ಪುಸ್ತಕವೇ ಹೇಳುತ್ತದೆ. ತಿಂಗಳಿಗೆ ಏಳು ಸಣ್ಣ ಸರದಿ, ಒಂದು ದೊಡ್ಡದು, ಒಟ್ಟು ಎಂಟು. ಹಾಡುವ ನುಡಿಸುವ ಜನ ಹದಿನಾರು ಇದ್ದಾಗ ಎರಡು ತಿಂಗಳಿಗೊಮ್ಮೆ ಸರದಿ. ನಲವತ್ತಾದರೆ ಐದು ತಿಂಗಳಿಗೊಮ್ಮೆ. ಐದು ತಿಂಗಳು ಬರಿ ಕೇಳುತ್ತಾ ಕೂಡಲು ಹಾಡುವವರಿಗೆ ಆಗುವುದಿಲ್ಲ, ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ. ಅವರು ಬೇಜಾರಾಗಿದೆ ಅಂತ ಹೇಳುವುದೂ ಇಲ್ಲ. ಆಗ ಸಮಯ ಕತ್ತರಿಸಿ ಎಂಟು ನಿಮಿಷ ಮಾಡಬೇಡಿ, ದೊಡ್ಡ ಹಾಲ್ ಹುಡುಕಲೂ ಹೋಗಬೇಡಿ. ಸರದಿಗೆ ಮೂರು ತಿಂಗಳಿಗಿಂತ ಜಾಸ್ತಿ ಕಾಯಬೇಕಾಗಿ ಬಂತು ಅಂದಕೂಡಲೇ ಇನ್ನೊಂದು ಬೈಠಕ್ ಶುರು ಮಾಡಿ.

ಊರಿನ ಭೂಗೋಳ ನೋಡಿ ಮಾಡಿ. ಕೋಥರೂಡ್ ಕಡೆಯದು ಎರಡನೇ ಭಾನುವಾರ ಇದ್ದರೆ, ಪಿಂಪ್ರಿ ಚಿಂಚವಡ ಕಡೆಯದು ನಾಲ್ಕನೇ ಭಾನುವಾರ ಆಗಲಿ. ವಾಕಡ್, ಹಿಂಜೆವಾಡಿಯವರಿಗೆ ಅದು ಹತ್ತಿರ. ಶಾಸ್ತ್ರೀಯದವರು ಒಂದು ಕಡೆ, ಜಾನಪದದವರು ಇನ್ನೊಂದು ಕಡೆ ಅಂತ ಮಾತ್ರ ಒಡೆಯಬೇಡಿ. ತತ್ವಪದದ ಅಜ್ಜಾರು ಹಾಡಿ ಮುಗಿಸಿದ ಮೇಲೆ ಪಿಟೀಲಿನ ಹುಡುಗಿ ಅವರ ಪಕ್ಕ ಹೋಗಿ ಕೂತು ಆ ಧಾಟಿಯನ್ನು ಹಿಡಿಯಲು ನೋಡುತ್ತಾಳಲ್ಲ, ಆ ಕ್ಷಣಕ್ಕಾಗಿಯೇ ಇಷ್ಟೆಲ್ಲ ಓಡಾಟ.

ಹೊಸ ಕಡೆಗೆ ಅನುಭವ ಇರುವ ಇಬ್ಬರು ಹೋಗಲಿ, ಸರದಿ ಪಟ್ಟಿ ಮಾಡಿದವರೊಬ್ಬರು, ಬಾಗಿಲಲ್ಲಿ ಹೊಸಬರನ್ನು ನೋಡಿದವರೊಬ್ಬರು. ಆರೂ ಹಾಳೆಗಳ ಝೆರಾಕ್ಸ್, ನೋಟ್‌ಬುಕ್ಕಿನಲ್ಲಿ ಆ ಭಾಗದವರ ಪುಟಗಳು, ಒಂದು ಜಮಖಾನ, ಆರು ತಿಂಗಳ ಚಹಾದಷ್ಟು ಹಣ ಇಷ್ಟನ್ನು ಕೈಗೆ ಕೊಡಿ. ಉಳಿದ ಕೆಲಸಗಾರರನ್ನು ಅವರು ಅಲ್ಲೇ ಹುಡುಕಿಕೊಳ್ಳಬೇಕು, ನೀವು ಇಲ್ಲಿಂದ ನೇಮಿಸಬೇಡಿ. ತಂಬೂರಿ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆಯ ಬೆಳಗಿನ ಬೈಠಕ್ಕಿಗೆ ಎರಡೂ ಕಡೆಯವರು ಸೇರಿ. ಹೊಸ ಕಡೆ ತಬಲಾದವರು ಸಿಗುವ ತನಕ ಹಳೇ ಕಡೆಯವರೊಬ್ಬರು ಹೋಗಿಬರಲಿ, ಅವರ ರಿಕ್ಷಾ ಬಾಡಿಗೆಯನ್ನು ಹಳೇ ಖಾತೆಯಿಂದಲೇ ಕೊಡಿ.